ದಿನದಿನದ ಶೋಧನೆಯೂ ದಿನದಿನದ ಬಲವೂ

ಬಂಕಾಪುರದ ಕೋಟೆಯೊಳಗೆ ಮುಂಜಾವಿನಲ್ಲಿ ಕಾಲಿಟ್ಟವರಿಗೆ ಮೊದಲು ಕೇಳಿಸುವದು ನವಿಲಿನ ಕೂಗು. ಒಂದು ಕಾಲಕ್ಕೆ ದಂಡುಗಳು ಬೀಡುಬಿಡುತ್ತಿದ್ದ ಈ ನೆಲವು ಈಗ ನವಿಲುಗಳ ಧಾಮವಾಗಿದೆ. ಊರವರು ಅರವತ್ತು ಕಂಬದ ಗುಡಿಯೆಂದು ಕರೆಯುವ ನಗರೇಶ್ವರನ ಆಲಯವು ಹಳೆಯ ವೈಭವವನ್ನು ನೆನಪಿಗೆ ತರುತ್ತ ಇನ್ನೂ ನಿಂತಿದೆ. ಹತ್ತನೆಯ ಶತಮಾನದಲ್ಲಿ ಗಂಗರ ಅರಸನಾದ ಮಾರಸಿಂಹನು ರಾಜ್ಯಭಾರವನ್ನು ಬಿಟ್ಟು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು ದೇಹವನ್ನು ತ್ಯಜಿಸಿದ್ದು ಈ ಊರಿನಲ್ಲಿಯೇ. ಸಮೀಪದ ಬಾಡದಲ್ಲಿ ಹುಟ್ಟಿದ ಕನಕದಾಸರು ನಾಯಕತನದ ಅಧಿಕಾರವನ್ನು ತೊರೆದು ಹರಿದಾಸರಾದ ಕಥೆಯನ್ನು ಕೇಳದ ಮನೆಯೇ ಈ ಸೀಮೆಯಲ್ಲಿಲ್ಲ.

ಪ್ರಿಯ ವಾಚಕರೇ, ಇಂಥ ಮಹಾತ್ಯಾಗಗಳ ನೆನಪುಳ್ಳ ನೆಲದಲ್ಲಿ ನಿಂತಾಗ ನಮ್ಮ ಮನಸ್ಸಿನಲ್ಲಿ ಸಂಕೋಚದ ಒಂದು ಪ್ರಶ್ನೆಯು ಏಳುವದು. ಎಲ್ಲವನ್ನೂ ಬಿಟ್ಟವರ ಮಾತು ಹಾಗಿರಲಿ. ಏನನ್ನೂ ಬಿಡಲಾರದವರ ಗತಿಯೇನು? ಮಡದಿ ಮಕ್ಕಳು, ವೃದ್ಧ ತಂದೆತಾಯಿಗಳು, ಸಾಲದ ಕಂತು, ಮಗಳ ಮದುವೆ, ತಡವಾದ ಮಳೆ, ಇವುಗಳ ನಡುವೆ ಇದ್ದುಕೊಂಡೇ ನಂಬಿಕೆಯನ್ನು ಕಾಪಾಡಿಕೊಳ್ಳಬೇಕಾದ ಗೃಹಸ್ಥನಿಗೆ ಬಲವು ಎಲ್ಲಿಂದ ಬರಬೇಕು? ಈ ಪ್ರಾಂತದ ಕ್ರೈಸ್ತ ಕುಟುಂಬಗಳು ತಲೆತಲಾಂತರದಿಂದ ಈ ಪ್ರಶ್ನೆಯನ್ನು ಎದುರಿಸುತ್ತ ಬಂದಿವೆ. ಅವರ ಅನುಭವದಲ್ಲಿ ಯಾವ ಮತದ ಗೃಹಸ್ಥನಾದರೂ ಕಲಿಯತಕ್ಕದ್ದು ಉಂಟೆಂದು ನಾವು ನಂಬುತ್ತೇವೆ.

ಒಬ್ಬ ಗೃಹಸ್ಥನನ್ನು ನೆನೆದುಕೊಳ್ಳೋಣ. ಪೇಟೆಯಲ್ಲಿ ಅವನದೊಂದು ಚಿಕ್ಕ ಕಾಳುಕಡಿಯ ಅಂಗಡಿ. ಆದಿತ್ಯವಾರ ದೇವಾಲಯದಲ್ಲಿ ಕುಳಿತು ಪ್ರಸಂಗವನ್ನು ಕೇಳಿದ್ದಾನೆ; ಕಣ್ಣು ಮುಚ್ಚಿ ಪ್ರಾರ್ಥಿಸಿದ್ದಾನೆ; ಆ ಹೊತ್ತಿನಲ್ಲಿ ಕರ್ತನಿಗಾಗಿ ಪ್ರಾಣ ಕೊಡಬೇಕಾಗಿ ಬಂದರೂ ಕೊಟ್ಟೇನೆಂಬ ಭಾವನೆಯು ಅವನ ಎದೆಯನ್ನು ತುಂಬಿದೆ. ಸೋಮವಾರ ಬೆಳಿಗ್ಗೆ ರೈತನೊಬ್ಬನು ಗೋವಿನಜೋಳದ ಚೀಲಗಳನ್ನು ತಂದು ತಕ್ಕಡಿಯ ಮುಂದೆ ನಿಲ್ಲುತ್ತಾನೆ. ತೂಕದಲ್ಲಿ ಸ್ವಲ್ಪ ಆಚೀಚೆಯಾದರೆ ಯಾರಿಗೂ ತಿಳಿಯದು. ಈ ತಿಂಗಳ ಕಂತಿಗೆ ಹಣವು ಸಾಲದು. ಮನೆಯಲ್ಲಿ ಮಗನು ಮೊಬೈಲಿನಲ್ಲಿ ಹಣ ಕಟ್ಟಿ ಜೂಜಾಡಿ ಮಾಡಿಕೊಂಡ ಸಾಲ ಬೇರೆ. ‘ಇದೊಂದು ಸಲ’ ಎಂದು ಮನಸ್ಸು ಪಿಸುಗುಟ್ಟುವದು. ನಿನ್ನ ದೇವರನ್ನು ಬಿಡು ಎಂದು ಯಾರೂ ಅವನ ಮುಂದೆ ಕತ್ತಿ ಹಿರಿದಿಲ್ಲ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಸರಿದರೆ ಸಾಕು, ಅಷ್ಟೇ.

ಸುವಾರ್ತೆಗಳಲ್ಲಿ ಪೇತ್ರನ ಕಥೆಯನ್ನು ಓದಿದವರಿಗೆ ಈ ಚಿತ್ರವು ಹೊಸದಾಗಿ ತೋರದು. ಗುರುವನ್ನು ಹಿಡಿಯಲು ಜನರು ದೀವಟಿಗೆ ದೊಣ್ಣೆಗಳೊಡನೆ ಬಂದಾಗ ಅವನು ಅಂಜಲಿಲ್ಲ, ಕತ್ತಿಯನ್ನೇ ಬೀಸಿದನು. ಆದರೆ ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ, ಚಳಿಗೆ ಬೆಂಕಿ ಕಾಯಿಸಿಕೊಳ್ಳುತ್ತಿರುವಾಗ, ಮನೆಯ ಕೆಲಸದ ಹುಡುಗಿಯೊಬ್ಬಳು ನೀನೂ ಅವನ ಸಂಗಡ ಇದ್ದವನಲ್ಲವೇ ಎಂದು ಕೇಳಿದ್ದಕ್ಕೆ ಅವನ ಬಾಯಿಂದ ಇಲ್ಲವೆಂಬ ಮಾತು ಹೊರಟಿತು. ಆಯುಧಗಳಿಗೆ ಸೋಲದವನು ಒಂದು ಸಾಮಾನ್ಯ ಪ್ರಶ್ನೆಗೆ ಸೋತನು. ಅಲ್ಲಿ ಸಾಕ್ಷಿ ನೋಡುವ ಸಭೆಯಿರಲಿಲ್ಲ, ಕೀರ್ತಿಯಿರಲಿಲ್ಲ. ಚಳಿಯಿತ್ತು, ಭಯವಿತ್ತು, ದಣಿವಿತ್ತು. ನಮ್ಮ ಸೋಲುಗಳು ಹೆಚ್ಚಾಗಿ ನಡೆಯುವದು ಇಂಥ ಬೆಂಕಿಯ ಮಗ್ಗುಲಿನಲ್ಲಿಯೇ.

ಕನ್ನಡದ ಕ್ರೈಸ್ತರು ಇಂಥ ಸಂದರ್ಭಕ್ಕೆ ‘ಶೋಧನೆ’ ಎಂಬ ಶಬ್ದವನ್ನು ಬಳಸುತ್ತಾರೆ. ಇದು ಬಹು ಅರ್ಥವತ್ತಾದ ಶಬ್ದ. ಪ್ರಲೋಭನೆಯೆಂದರೆ ಹೊರಗಿನಿಂದ ಬಂದು ಸೆಳೆಯುವದು. ಶೋಧನೆಯೆಂದರೆ ಒಳಗೆ ಏನಿದೆಯೆಂದು ಹುಡುಕಿ ನೋಡುವದು. ಅಕ್ಕಸಾಲಿಗನು ಒರೆಗಲ್ಲಿಗೆ ಉಜ್ಜಿದ ಮಾತ್ರಕ್ಕೆ ಚಿನ್ನವು ಕೆಡುವದಿಲ್ಲ. ಅದರ ಬಣ್ಣವು ತಿಳಿಯುವದು. ಹಾಗೆಯೇ ಆಶೆ ಹುಟ್ಟಿತೆಂಬ ಮಾತ್ರಕ್ಕೆ ನಂಬಿಕೆಯು ಸತ್ತಿತೆಂದು ಯಾರೂ ಎದೆಗುಂದಬೇಕಾಗಿಲ್ಲ. ಯೇಸುವೇ ಅಡವಿಯಲ್ಲಿ ನಾಲ್ವತ್ತು ದಿನಗಳ ಉಪವಾಸದ ತರುವಾಯ ಶೋಧಿಸಲ್ಪಟ್ಟನೆಂದು ಸುವಾರ್ತೆಗಳು ಹೇಳುತ್ತವೆ.

ಅಲ್ಲಿ ಬಂದ ಶೋಧನೆಗಳು ಮೂರು. ಕಲ್ಲನ್ನು ರೊಟ್ಟಿ ಮಾಡೆಂಬದು ಮೊದಲನೆಯದು. ದೇವಾಲಯದ ಶಿಖರದಿಂದ ಧುಮುಕಿ ದೇವರು ಕಾಯುವನೋ ಇಲ್ಲವೋ ನೋಡೆಂಬದು ಮತ್ತೊಂದು. ಅಡ್ಡಬಿದ್ದರೆ ಲೋಕದ ರಾಜ್ಯಗಳನ್ನೆಲ್ಲ ಕೊಡುವೆನೆಂಬದು ಇನ್ನೊಂದು. ಇವು ಮೂರೂ ನಮ್ಮ ಮನೆಗಳಿಗೆ ವೇಷ ಬದಲಿಸಿಕೊಂಡು ಬರುತ್ತವೆ. ಹೊಟ್ಟೆಯ ಪಾಡಿಗೆ ಯಾವ ದಾರಿಯಾದರೇನು ಎಂಬದು ರೊಟ್ಟಿಯ ಶೋಧನೆ. ನನ್ನ ಮಗನಿಗೆ ನೌಕರಿ ಕೊಡಿಸಿದರೆ ಮಾತ್ರ ದೇವರಿದ್ದಾನೆಂದು ನಂಬುವೆನು ಎಂಬದು ಶಿಖರದ ಶೋಧನೆ. ನೆರೆಯವನಿಗಿಂತ ದೊಡ್ಡ ಚಪ್ಪರ ಹಾಕಿಸಿ ಮದುವೆ ಮಾಡಬೇಕೆಂದು ಹೊಲವನ್ನು ಒತ್ತೆಯಿಡುವದು ರಾಜ್ಯಗಳ ಶೋಧನೆ. ಇವುಗಳಲ್ಲಿ ಎರಡನೆಯದು ಭಕ್ತಿಯ ಬಟ್ಟೆಯನ್ನು ಉಟ್ಟು ಬರುವದರಿಂದ ಅದನ್ನು ಗುರುತಿಸುವದು ಕಠಿಣ. ದೊಡ್ಡ ಗುರುತನ್ನು ನಿರೀಕ್ಷಿಸಿ ಕುಳಿತ ನಂಬಿಕೆಯು ಏನಾಗುವದೆಂಬದಕ್ಕೆ ಬಂಕಾಪುರದಿಂದ ಬಹು ದೂರವಲ್ಲದ ಗದಗ ಬೆಟಗೇರಿಯ ಸೀಮೆಯಲ್ಲಿ ನಡೆದ ಸಂಗತಿಯೇ ಸಾಕ್ಷಿ.

ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟವನ್ನೇರಿ ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಮಾಡಿದರು. ಕೆಲವೇ ದಿನಗಳಲ್ಲಿ ಅವರಿಗೆ ಕನಸಿನಂಥ ವಾರ್ತೆಯೊಂದು ಬಂದಿತು. ಈ ಸೀಮೆಯಲ್ಲಿ ಕಾಲಜ್ಞಾನದ ಗ್ರಂಥಗಳನ್ನು ನಂಬಿದ ಒಂದು ಪಂಗಡವಿತ್ತು; ಪಡುವಣದಿಂದ ಗುರುಗಳು ಬಂದು ಸತ್ಯವನ್ನು ಬೋಧಿಸುವರೆಂದು ಅವರ ನಂಬುಗೆ. ನೀವೇ ಆ ಗುರುಗಳು, ನಾವು ಸಾವಿರಾರು ಜನರು ನಿಮ್ಮ ಮಾರ್ಗಕ್ಕೆ ಬರುವೆವು ಎಂಬ ಮಾತು ಮಿಶನರಿಗಳ ಕಿವಿಗೆ ಬಿದ್ದಿತು. ಹಾಗೆ ಬಂದವರು ಬಂಧುಬಳಗದಿಂದ ಹೊರಗಾಗಿ ಹೊಟ್ಟೆಗಿಲ್ಲದೆ ಅಲೆಯಬಾರದೆಂದು ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ೧೮೪೧ರ ಸುಮಾರಿಗೆ ಒಂದು ಒಕ್ಕಲು ನೆಲೆಯನ್ನು ಏರ್ಪಡಿಸಿದರು. ಭೂಮಿ ಸಿದ್ಧವಾಯಿತು, ಮನೆಗಳೆದ್ದವು. ಬರುವೆವೆಂದ ಜನರು ಮಾತ್ರ ಬರಲಿಲ್ಲ.

ಅವರನ್ನು ನಾವು ಹಳಿಯುವದಿಲ್ಲ. ಒಂದು ಮನೆಯ ಯಜಮಾನನು ಕುಲದ ಕಟ್ಟನ್ನು ಬಿಡುವದೆಂದರೆ ಬಾವಿಯ ನೀರನ್ನೂ ಮಕ್ಕಳ ಮದುವೆಯನ್ನೂ ಸತ್ತಾಗ ಹೆಗಲುಕೊಡುವವರನ್ನೂ ಬಿಡುವದೇ ಆಗಿತ್ತು. ಮಿಶನರಿಗಳಾದರೂ ಶೋಧನೆಗೆ ಹೊರತಾಗಿರಲಿಲ್ಲ. ಒಂದೇ ದಿನಕ್ಕೆ ಜನಸಮೂಹವೇ ಬರುವದೆಂಬ ಆಶೆಯು ಶಿಖರದಿಂದ ಧುಮುಕಿದಂಥದೇ ಅಲ್ಲವೇ? ಆ ಆಶೆಯು ಮುರಿದು ಬಿದ್ದಾಗ ಗಂಟುಮೂಟೆ ಕಟ್ಟಿ ಹೊರಡುವದು ಸುಲಭವಾಗಿತ್ತು. ಅವರು ಹೊರಡಲಿಲ್ಲ. ಬೆಟಗೇರಿಯಲ್ಲಿ ಉಳಿದರು, ೧೮೫೧ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೆ ಹೋದರು, ಶಾಲೆಗಳನ್ನು ನಡಿಸಿದರು. ಸಾವಿರ ಜನರು ಬಾರದಿದ್ದಲ್ಲಿ ಒಂದು ಮನೆ, ಆ ಮೇಲೆ ಇನ್ನೊಂದು ಮನೆ, ಹೀಗೆ ಮೆಲ್ಲಮೆಲ್ಲನೆ ಸಭೆಗಳು ಬೆಳೆದವು. ಈ ಸೀಮೆಯ ಸಭೆಗಳು ಕಟ್ಟಲ್ಪಟ್ಟದ್ದು ಕಾಲಜ್ಞಾನದ ಗುರುತಿನ ಮೇಲಲ್ಲ, ದಿನಚರಿಯ ಮೇಲೆ.

ದಿನಚರಿಯ ಬಲವೆಂಥದೆಂಬದಕ್ಕೆ ಕನ್ನಡಿಗರೆಲ್ಲರೂ ಬಲ್ಲ ಮತ್ತೊಂದು ದೃಷ್ಟಾಂತವುಂಟು. ಫರ್ಡಿನಾಂಡ್ ಕಿಟ್ಟೆಲರು ೧೮೫೩ರಲ್ಲಿ ಈ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರುಷ. ಧಾರವಾಡದ ಸುತ್ತಿನ ಹಳ್ಳಿಗಳನ್ನು ತಿರುಗಿ ಜನರ ನುಡಿಯನ್ನು ಕಲಿತರು. ಅವರ ರೀತಿನೀತಿಗಳು ಮಿಶನ್ನಿನ ಹಿರಿಯರಿಗೆ ಒಪ್ಪಿಗೆಯಾಗದೆ ಮನಸ್ತಾಪಗಳು ಹುಟ್ಟಿದವು. ಮೊದಲನೆಯ ಹೆಂಡತಿಯು ಚಿಕ್ಕ ಪ್ರಾಯದಲ್ಲಿಯೇ ತೀರಿಕೊಂಡಳು. ಬೇಸತ್ತು ಕೈಚೆಲ್ಲಲು ಕಾರಣಗಳಿಗೆ ಕೊರತೆಯಿರಲಿಲ್ಲ. ಆದರೆ ಆ ಮನುಷ್ಯನು ಒಂದೊಂದೇ ಶಬ್ದವನ್ನು ಆಯ್ದು, ಅದರ ಅರ್ಥವನ್ನು ವಿಚಾರಿಸಿ, ಬರೆದಿಡುತ್ತ ಹೋದನು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು ೭೦,೦೦೦ ಶಬ್ದಗಳಿದ್ದವು. ಎಪ್ಪತ್ತು ಸಾವಿರವನ್ನು ಯಾರೂ ಒಂದು ದಿನದಲ್ಲಿ ಬರೆಯಲಾರರು. ಈ ಹೊತ್ತಿನ ಶಬ್ದವನ್ನು ಈ ಹೊತ್ತು ಬರೆಯಬಹುದು. ಕಿಟ್ಟೆಲರ ಭಕ್ತಿಯನ್ನು ಅಳೆಯಲು ನಮಗೆ ಅಧಿಕಾರವಿಲ್ಲ. ಅವರ ತಾಳ್ಮೆಯಂತೂ ನಮ್ಮ ಕಪಾಟುಗಳಲ್ಲಿಯೇ ಇದೆ.

ಅನಿಶ್ಚಿತತೆಯಾದರೋ ಈ ಕುಟುಂಬಗಳನ್ನು ಎಂದೂ ಬಿಟ್ಟು ಹೋಗಲಿಲ್ಲ. ೧೮೭೬ರಿಂದ ೧೮೭೮ರ ವರೆಗಿನ ಘೋರ ಕ್ಷಾಮದಲ್ಲಿ ಮಿಶನ್ ಬಂಗಲೆಗಳ ಮುಂದೆ ಹಸಿದವರು ನೆರೆದರು. ದಿಕ್ಕಿಲ್ಲದ ಮಕ್ಕಳಿಗೆ ಆಶ್ರಯ ದೊರೆಯಿತು. ಹೊಟ್ಟೆಗಾಗಿ ಮತ ಬದಲಿಸಿದವರು ಎಂಬ ನಿಂದೆಯು ಅಂದಿನಿಂದಲೂ ಇದೆ. ಹಸಿವು ಹಲವರನ್ನು ಆ ಬಾಗಿಲಿಗೆ ಕರೆತಂದದ್ದು ನಿಜ. ಅದನ್ನು ಮುಚ್ಚಿಡುವದು ಪ್ರಾಮಾಣಿಕತೆಯಲ್ಲ. ಆದರೆ ಗಂಜಿ ತೀರಿದ ಮೇಲೆ, ಮಳೆ ಬಂದ ಮೇಲೆ, ಉಳಿದವರನ್ನು ಉಳಿಸಿದ್ದು ಯಾವದು ಎಂಬ ಪ್ರಶ್ನೆಯನ್ನೂ ಕೇಳಬೇಕಷ್ಟೆ.

ಅದಕ್ಕೆ ಉತ್ತರವು ೧೯೧೪ರ ತರುವಾಯ ತೋರಿಬಂದಿತು. ಮಹಾಯುದ್ಧವು ಹೊತ್ತಿಕೊಂಡೊಡನೆ ಜರ್ಮನಿಯ ಮಿಶನರಿಗಳು ವೈರಿದೇಶದ ಪ್ರಜೆಗಳೆನಿಸಿ ಸೆರೆಯ ಬಿಡಾರಗಳಿಗೆ ಹೋದರು. ಮುಂದೆ ಊರಿಗೆ ಕಳುಹಿಸಲ್ಪಟ್ಟರು. ಅನೇಕ ಕ್ರೈಸ್ತರ ಜೀವನಕ್ಕೆ ಆಧಾರವಾಗಿದ್ದ ಕರಾವಳಿಯ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಪರರ ಕೈಸೇರಿದವು. ದೊರೆಗಳ ಬೆಂಬಲಕ್ಕಾಗಿಯೇ ಇವರು ಕ್ರೈಸ್ತರಾಗಿದ್ದರೆ ಆಗಲೇ ಎಲ್ಲವೂ ಚದುರಿ ಹೋಗಬೇಕಾಗಿತ್ತು. ಚದುರಲಿಲ್ಲ. ನಾಡಿನ ಉಪದೇಶಕರೂ ಹಿರಿಯರೂ ಮನೆಯ ತಾಯಂದಿರೂ ಸಭೆಗಳನ್ನು ನಡಿಸಿದರು. ಮುಂದೆ ೧೯೭೦ರಲ್ಲಿ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕದ ಸಭಾಪ್ರಾಂತವು ಧಾರವಾಡವನ್ನು ಕೇಂದ್ರವಾಗಿಟ್ಟುಕೊಂಡು ಏರ್ಪಟ್ಟಿತು.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಲಕ್ಷ್ಯವಿಟ್ಟು ನೋಡಿದರೆ ಅದರಲ್ಲಿ ವರುಷದ ಕಾಳಿಗಾಗಿ ಬೇಡಿಕೆಯಿಲ್ಲ. ಈ ಹೊತ್ತಿನ ಆಹಾರಕ್ಕಾಗಿ ಇದೆ. ಅದರ ಬೆನ್ನಿಗೇ ಕ್ಷಮೆ. ಕ್ಷಮೆಯ ಬೆನ್ನಿಗೇ ಶೋಧನೆಯಿಂದ ಕಾಪಾಡೆಂಬ ಮೊರೆ. ಈ ಕ್ರಮದಲ್ಲಿ ಮನೆವಾರ್ತೆಯ ಜ್ಞಾನವೆಲ್ಲ ಅಡಗಿದೆ. ನಾಳಿನ ಚಿಂತೆಯನ್ನು ಈ ಹೊತ್ತೇ ಹೊತ್ತವನು ಈ ಹೊತ್ತಿನ ತಕ್ಕಡಿಯನ್ನು ನೆಟ್ಟಗೆ ಹಿಡಿಯಲಾರನು. ನಿನ್ನೆಯ ತಪ್ಪನ್ನು ಒಪ್ಪಿಕೊಳ್ಳದವನು ಅದನ್ನು ಮುಚ್ಚಲು ಈ ಹೊತ್ತು ಇನ್ನೊಂದು ತಪ್ಪು ಮಾಡುವನು.

ಇನ್ನೊಂದು ಮಾತು. ಆ ಪ್ರಾರ್ಥನೆಯು ‘ನನಗೆ’ ಎನ್ನುವದಿಲ್ಲ, ‘ನಮಗೆ’ ಎನ್ನುವದು. ಪೇತ್ರನು ಸೋತಾಗ ಅಂಗಳದಲ್ಲಿ ಒಬ್ಬಂಟಿಗನಾಗಿದ್ದನು. ಶೋಧನೆಗೆ ಏಕಾಂತವು ಬಹು ಪ್ರಿಯ. ಸಾಲವನ್ನು ಹೆಂಡತಿಯಿಂದ ಮುಚ್ಚಿಡುವ ಗಂಡನೂ, ಜೂಜಿನ ಸೋಲನ್ನು ತಂದೆಯಿಂದ ಮರೆಮಾಡುವ ಮಗನೂ ಒಂದೇ ಛಾವಣಿಯ ಕೆಳಗೆ ಒಬ್ಬೊಬ್ಬರೇ ಹೋರಾಡಿ ಒಬ್ಬೊಬ್ಬರೇ ಸೋಲುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕೂಡಿ ಕುಳಿತು ಒಂದು ಅಧ್ಯಾಯ ಓದಿ ಪ್ರಾರ್ಥಿಸುವ ಪದ್ಧತಿಯು ಕೇವಲ ಆಚಾರವಲ್ಲ. ಅಲ್ಲಿ ಕುಳಿತು ‘ಅಪ್ಪಾ, ನಾನು ತಪ್ಪಿದೆ’ ಎಂದು ಮಗನು ಹೇಳಬಲ್ಲನಾದರೆ, ‘ನಾನೂ ಈ ಹೊತ್ತು ತಕ್ಕಡಿಯ ಮುಂದೆ ತಡವರಿಸಿದೆನಪ್ಪಾ’ ಎಂದು ತಂದೆಯು ಹೇಳಬಲ್ಲನಾದರೆ, ಆ ಮನೆಯು ಅರ್ಧ ಗೆದ್ದಂತೆಯೇ. ಸಾಲವು ಆ ರಾತ್ರಿಯೇ ತೀರಲಿಕ್ಕಿಲ್ಲ. ಮರುದಿನ ತೂಕವು ನೆಟ್ಟಗಿರುವದು.

ಪೇತ್ರನ ಕಥೆಯು ಅವನ ಕಣ್ಣೀರಿನಲ್ಲಿ ಮುಗಿಯುವದಿಲ್ಲವೆಂಬದನ್ನೂ ನೆನಪಿಡಬೇಕು. ಯೋಹಾನನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ ಮತ್ತೊಂದು ಕೆಂಡದ ಬೆಂಕಿಯಿದೆ. ಕೆರೆಯಂತಿರುವ ಆ ಸಮುದ್ರದ ದಡದಲ್ಲಿ, ಬೆಳಗಿನ ಜಾವ, ಎದ್ದುಬಂದ ಗುರುವೇ ರೊಟ್ಟಿ ಮೀನುಗಳನ್ನು ಸಿದ್ಧಮಾಡಿಕೊಂಡು ಅವನನ್ನು ಊಟಕ್ಕೆ ಕರೆಯುತ್ತಾನೆ. ಮೂರು ಸಾರಿ ಇಲ್ಲವೆಂದವನಿಗೆ ಮೂರು ಸಾರಿ ಪ್ರೀತಿಯನ್ನು ಹೇಳಿಕೊಳ್ಳುವ ಅವಕಾಶವನ್ನು ಕೊಡುತ್ತಾನೆ. ಆ ಮೇಲೆ ಅವನಿಗೊಂದು ಕೆಲಸವನ್ನು ವಹಿಸುತ್ತಾನೆ.

ಬಂಕಾಪುರದ ಕೋಟೆಯಲ್ಲಿ ಮಹಾತ್ಯಾಗಿಗಳನ್ನು ನೆನೆದು ತಲೆಬಾಗಿದ ನಾವು ಪೇಟೆಯ ಕಡೆಗೆ ತಿರುಗೋಣ. ಅಲ್ಲಿ ಅಂಗಡಿಯ ಬಾಗಿಲು ತೆರೆಯುವ ಹೊತ್ತಾಗಿದೆ. ರೈತನು ಚೀಲವನ್ನು ಇಳಿಸಿದ್ದಾನೆ. ಎಲ್ಲವನ್ನೂ ಬಿಡುವ ಬಲವನ್ನು ದೇವರು ಕೆಲವರಿಗೆ ಕೊಟ್ಟಿರಬಹುದು. ನಮ್ಮಂಥವರು ಬೇಡಬೇಕಾದದ್ದು ಈ ಒಂದು ತೂಕವನ್ನು ಸರಿಯಾಗಿ ತೂಗುವ ಬಲ. ನಾಳೆಯದನ್ನು ನಾಳೆ ಬೇಡೋಣ.