ಸೀರೆಯ ಮೇಲೆ ಉರುಳಿದ ಗಾಲಿ

ಧಾರವಾಡದ ಶ್ರಾವಣದ ಮಳೆಗೆ ಅವಸರವಿಲ್ಲ. ಜಿಟಿಜಿಟಿ ಹಿಡಿಯಿತೆಂದರೆ ಮೂರು ದಿನ ಹೆಂಚಿನ ತುದಿಯಿಂದ ಹನಿ ಕಡಿಯುವುದಿಲ್ಲ. ಈ ಸಲ ಪಂಚಮಿಗೆಂದು ತವರಿಗೆ ಹೋದಾಗ ಅಂಗಳದ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಹಗ್ಗ ತೊಯ್ದು ತೊಟ್ಟಿಕ್ಕುತ್ತಿತ್ತು. ಅಳ್ಳು, ಶೇಂಗಾ ಉಂಡಿಗಳ ಡಬ್ಬಿ ಮುಚ್ಚಿಟ್ಟು, ಊಟದ ತಾಟು ತೊಳೆದಿಟ್ಟು, ಮನೆಯ ಹೆಂಗಸರೆಲ್ಲ ಪಡಸಾಲೆಗೆ ಬಂದು ಕೂತೆವು. ಅವ್ವ ಮೂಲೆಯ ಟ್ರಂಕಿನ ಮುಚ್ಚಳ ಎತ್ತಿದಳು. ಮೊದಲು ಡಾಂಬರು ಗುಳಿಗೆಯ ವಾಸನೆ ಬಂತು, ಆಮೇಲೆ ಸೀರೆಗಳು ಬಂದವು.

ಇಳಕಲ್ಲಿನದೊಂದು, ಸೆರಗಿನ ತೋಪುತೆನೆ ಇನ್ನೂ ಕೆಂಪಗಿದೆ, ಒಡಲು ಮಾತ್ರ ಒಗೆದು ಒಗೆದು ಮೆತ್ತಗಾಗಿದೆ. ಗುಳೇದಗುಡ್ಡದ ಖಣದ ಕುಪ್ಪಸಗಳು. ಕಂಕುಳಲ್ಲಿ ಹರಿದಿವೆ, ಬೆನ್ನು ಗಟ್ಟಿಯಾಗಿದೆ. ಅಪ್ಪನ ಎರಡು ಧೋತರ. ಅವ್ವ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ಜಾಳಾಗಿದೆ, ಎಲ್ಲಿ ನೂಲು ಇನ್ನೂ ಬಿಗಿಯಾಗಿದೆ ಎಂದು ಕಣ್ಣಲ್ಲೇ ಭಾಗ ಮಾಡಿದಳು. "ಹುಡುಗಿಗೆ ಏಳ್ರಾಗ ಬಿದ್ದಾವ. ಕೂಸು ಬರೂದ್ರಾಗ ಒಂದು ಕೌದಿ ಆಗಬೇಕು" ಎಂದಳು. ಅಣ್ಣನ ಮಗಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತನ್ನ ಅಜ್ಜಿಯ ಮದುವೆಯ ಸೀರೆಯ ಅಂಚನ್ನು ಬೆರಳಲ್ಲಿ ಸವರಿ ನೋಡಿದಳು.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆ ಕೌದಿಯಾಗುತ್ತದೆ. ಸೀರೆಯ ಗಟ್ಟಿ ಭಾಗ ಮೇಲ್ಮೈಗೆ, ಜಾಳು ಭಾಗ ಒಳಪದರಕ್ಕೆ, ಧೋತರ ಕೆಳಗೆ. ಮೇಲೆ ದಪ್ಪ ದಾರದ ಓಟದ ಹೊಲಿಗೆ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ. ಹಿಂದೆ ಗೊಂದಳಿ ಸಮುದಾಯದ ಹೆಣ್ಣುಮಕ್ಕಳು ಓಣಿ ಓಣಿ ತಿರುಗಿ ಕೌದಿ ಹೊಲಿದು ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಈ ಕೆಲಸ ಅವ್ವನದು. ಆದರೆ ನಾಲ್ಕು ವರ್ಷದಿಂದ ಅವಳು ಕೌದಿಗೆ ಕೈ ಹಾಕಿರಲಿಲ್ಲ. ಬಲಗೈ ಹೆಬ್ಬೆರಳಿನ ಗೆಣ್ಣು ಬಾತಿದೆ. ಸೂಜಿ ಹಿಡಿಯಬಲ್ಲಳು, ಕತ್ತರಿ ಬಾಯಿ ತೆರೆದು ಮುಚ್ಚಲಾರಳು.

ಆ ಕತ್ತರಿ ಮಷೀನಿನ ಡ್ರಾವರಿನಲ್ಲಿದೆ. ಹಿತ್ತಾಳೆ ಹಿಡಿಕೆಯ ಮೀರತ್ ಕತ್ತರಿ, ಹುಬ್ಬಳ್ಳಿಯ ದುರ್ಗದಬೈಲಿನಿಂದ ಅಪ್ಪ ತಂದದ್ದು. ಮೀರತ್ತಿನ ಕತ್ತರಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಹಳೆಯ ಲೋಹವನ್ನೇ ಕರಗಿಸಿ, ಬಡಿದು, ಸಾಣೆ ಹಿಡಿದು ಅಲ್ಲಿ ಕತ್ತರಿ ಮಾಡುತ್ತಾರೆ. ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಬರುವವನ ಕೈಗೆ ವರ್ಷಕ್ಕೊಮ್ಮೆ ಕೊಟ್ಟರೆ ಸಾಕು, ಅದು ಒಂದು ಜನ್ಮಕ್ಕೆ ಬಾಳುತ್ತದೆ. ಆದರೆ ತೂಕ ಬಹಳ.

ವೈನಿ, ಎಂದರೆ ಅಣ್ಣನ ಹೆಂಡತಿ, ಒಳಗಿನಿಂದ ಒಂದು ಹಸಿರು ಹಾಳೆಯನ್ನು ತಂದು ಊಟದ ಮೇಜಿನ ಮೇಲೆ ಹಾಸಿದಳು. ಹಾಳೆ ಎಂದರೆ ಕಾಗದವಲ್ಲ. ರಬ್ಬರಿನ ಹಾಗೆ ಬಾಗುವ, ಹಲಗೆಯ ಹಾಗೆ ಗಟ್ಟಿಯಾದ ಮ್ಯಾಟು. ಮೈತುಂಬ ಇಂಚಿಂಚಿಗೆ ಬಿಳಿ ಗೆರೆ. ಅದರ ಮೇಲೆ 24 ಇಂಚು ಉದ್ದ, 6 ಇಂಚು ಅಗಲದ, ಗಾಜಿನಂತೆ ಕಾಣುವ ಅಕ್ರಿಲಿಕ್ ಪಟ್ಟಿ ಇಟ್ಟಳು. ಕೊನೆಗೆ ಕೈಚೀಲದಿಂದ ಹಳದಿ ಹಿಡಿಕೆಯ ಸಾಧನವೊಂದನ್ನು ತೆಗೆದಳು. ತುದಿಯಲ್ಲಿ ಹಳೆಯ ಎಂಟಾಣೆಯ ಹೆಚ್ಚುಕಡಿಮೆ ಎರಡರಷ್ಟು ಅಗಲದ ಉಕ್ಕಿನ ಬಿಲ್ಲೆ, ಅದಕ್ಕೆ ಮುಚ್ಚಳ.

"ಇದೇನಬೇ ಇದು?" ಎಂದಳು ಅವ್ವ.

"ಬಟ್ಟಿ ಕತ್ತರಿಸೂ ಗಾಲಿ ಅತ್ತಿ. ರೋಟರಿ ಕಟರ್ ಅಂತಾರ."

"ಗಾಲೀಲೆ ಬಟ್ಟಿ ಹೆಂಗ ಕತ್ತರಿಸತಿ?"

ವೈನಿ ಬಾಯಲ್ಲಿ ಹೇಳದೆ ಮಾಡಿ ತೋರಿಸಿದಳು. ಬೆಳಿಗ್ಗೆಯೇ ನೀರು ಚಿಮುಕಿಸಿ ಇಸ್ತ್ರಿ ಮಾಡಿಟ್ಟಿದ್ದ ಸೀರೆಯನ್ನು ನಾಲ್ಕು ಪದರ ಮಡಚಿ ಮ್ಯಾಟಿನ ಮೇಲೆ ಹಾಸಿದಳು. ಪಟ್ಟಿಯ ಒಂದು ಗೆರೆಯನ್ನು ಮಡಿಕೆಯ ಮೇಲೆ ಕೂರಿಸಿದಳು. ಎಡಗೈಯ ಬೆರಳುಗಳನ್ನು ಜೇಡನ ಕಾಲಿನ ಹಾಗೆ ಅಗಲಿಸಿ ಪಟ್ಟಿಯನ್ನು ಒತ್ತಿದಳು. ಕಿರುಬೆರಳು ಮಾತ್ರ ಪಟ್ಟಿಯ ಆಚೆ, ಬಟ್ಟೆಯ ಮೇಲೆ, ಪಟ್ಟಿ ಜರುಗದಂತೆ. ಗಾಲಿಯ ಮುಚ್ಚಳ ಸರಿಸಿ, ಪಟ್ಟಿಗೆ ತಾಗಿಸಿ, ಮೈಯಿಂದ ಆಚೆಗೆ ಒಂದೇ ಉಸಿರಿಗೆ ಉರುಳಿಸಿದಳು. ಸರ್ರ್ ಎಂದಿತು. ಅಲಗಿನ ಮುಚ್ಚಳ ಟಕ್ ಎಂದು ಮುಚ್ಚಿತು. ಸೀರೆಯ ಓರೆಕೋರೆ ಅಂಚು ರಿಬ್ಬನ್ನಿನ ಹಾಗೆ ಒಂದು ಕಡೆ ಬಿತ್ತು. ಉಳಿದ ನಾಲ್ಕು ಪದರಕ್ಕೂ ನೇರವಾದ ಒಂದೇ ಅಂಚು.

ಅವ್ವ ಬಗ್ಗಿ ನೋಡಿದಳು. ಮ್ಯಾಟಿನ ಮೇಲೆ ಕೂದಲೆಳೆಯ ಗೀರು. ಬೆರಳಾಡಿಸಿದರೆ ಅದೂ ಕೂಡಿಕೊಂಡಂತೆ. ಆಮೇಲೆ ಬಟ್ಟೆ ಮುಟ್ಟಿದಳು. "ಬಟ್ಟಿ ಮ್ಯಾಲೆ ಎದ್ದೇ ಇಲ್ಲಲ್ಲ. ಮಲಗಿದಲ್ಲೇ ಮಲಗೇತಿ!"

ಅರವತ್ತು ವರ್ಷ ಹೊಲಿದ ಕೈಗೆ ಮೊದಲ ನೋಟದಲ್ಲೇ ತಿಳಿದ ಈ ಮಾತಿನಲ್ಲಿ ಗಾಲಿಯ ಗುಟ್ಟೆಲ್ಲ ಇದೆ. ಕತ್ತರಿಯ ಕೆಳ ಅಲಗು ಬಟ್ಟೆಯ ಅಡಿಗೆ ಹೋಗಲೇಬೇಕು. ಹೋದಾಗ ಬಟ್ಟೆ ಏಳುತ್ತದೆ, ಎದ್ದಾಗ ಪದರಗಳು ಒಂದರ ಮೇಲೊಂದು ಸರಿಯುತ್ತವೆ. ಮೇಲಿನ ತುಂಡು ನಾಲ್ಕೂವರೆ ಇಂಚಿದ್ದರೆ ಕೆಳಗಿನದು ತುಸು ಹೆಚ್ಚೋ ಕಡಿಮೆಯೋ ಆಗುತ್ತದೆ. ಗಾಲಿ ಮೇಲಿನಿಂದಷ್ಟೇ ಒತ್ತುತ್ತದೆ. ಹಾಸಿದ ಬಟ್ಟೆ ಹಾಸಿದ ಹಾಗೇ ತುಂಡಾಗುತ್ತದೆ.

ಕೌದಿಗೆ ಈ ತುಸುವೇ ದೊಡ್ಡದು. ವೈನಿಯ ಲೆಕ್ಕ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿತ್ತು: ಅಡ್ಡಕ್ಕೆ 9, ಉದ್ದಕ್ಕೆ 12, ಒಟ್ಟು 108 ಚೌಕ. ಹೊಲಿದ ಮೇಲೆ ಒಂದೊಂದು ಚೌಕ ನಾಲ್ಕಿಂಚು ಉಳಿಯಬೇಕಾದರೆ, ಎರಡೂ ಬದಿಗೆ ಕಾಲಿಂಚು ಹೊಲಿಗೆಗೆ ಬಿಟ್ಟು ನಾಲ್ಕೂವರೆ ಇಂಚಿಗೆ ಕತ್ತರಿಸಬೇಕು. ಆಗ ಕೌದಿ 36 ಇಂಚು ಅಗಲ, 48 ಇಂಚು ಉದ್ದ. ಒಂದೊಂದು ತುಂಡಿನಲ್ಲಿ ಇಂಚಿನ ಹದಿನಾರನೇ ಒಂದು ಭಾಗ ತಪ್ಪಿದರೂ ಹನ್ನೆರಡು ತುಂಡು ಸೇರುವ ಹೊತ್ತಿಗೆ ಮುಕ್ಕಾಲು ಇಂಚು ತಪ್ಪುತ್ತದೆ. ಆಮೇಲೆ ಮೂಲೆಗೆ ಮೂಲೆ ಕೂಡುವುದಿಲ್ಲ. ಎಳೆದು ಹೊಲಿದರೆ ಕೌದಿ ಸೊಟ್ಟಗೆ ಮಲಗುತ್ತದೆ. ನಾಲ್ಕು ಪದರದ ಮಡಿಕೆಯಲ್ಲಿ ಒಂದು ಚೌಕ ಬಿಡಿಸಿದರೆ ನಾಲ್ಕು ತುಂಡು. 108 ಚೌಕಕ್ಕೆ 27 ಮಡಿಕೆ. ನಾವು ಮೂವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಖಣ, ಇಳಕಲ್ಲು, ಅಂಚು, ಸೆರಗು ಎಲ್ಲ ಇಸ್ಪೀಟಿನ ಎಲೆಗಳ ಹಾಗೆ ಒಪ್ಪವಾಗಿ ಜೋಡಿಸಿಟ್ಟಿದ್ದವು.

ಈ ಗಾಲಿ ಹುಟ್ಟಿದ್ದು ಜಪಾನಿನಲ್ಲಿ. ಒಸಾಕಾದ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಯೋಶಿಯೋ ಒಕಾಡಾ ಅವರು ಕಾಗದ ಕತ್ತರಿಸುವ ಬ್ಲೇಡು ಬೇಗ ಮೊಂಡಾಗುವುದನ್ನು ಕಂಡು, 1956ರಲ್ಲಿ ತುದಿ ಮುರಿದು ಹೊಸ ಮೊನೆ ಪಡೆಯುವ ಚಾಕು ಮಾಡಿದರು. ಚಪ್ಪಲಿ ಹೊಲಿಯುವವರು ಗಾಜು ಒಡೆದು ಅದರ ಹೊಸ ಅಂಚಿನಿಂದ ಕೆಲಸ ಮಾಡುವುದು, ಚಾಕೊಲೇಟು ಗೆರೆಗೆರೆಯಾಗಿ ಮುರಿಯುವುದು, ಇವೆರಡರಿಂದ ಆ ಯೋಚನೆ ಮೂಡಿತಂತೆ. ಅವರ ಓಲ್ಫಾ ಸಂಸ್ಥೆಯೇ 1979ರಲ್ಲಿ ಬಟ್ಟೆ ಕತ್ತರಿಸುವ ಗಾಲಿಯನ್ನು ತಂದಿತು. ಅಮೆರಿಕದ ಕ್ವಿಲ್ಟ್ ಹೊಲಿಯುವ ಹೆಂಗಸರು ಅಲ್ಲಿಯವರೆಗೆ ರಟ್ಟಿನ ಅಚ್ಚು ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ತುಂಡು ತುಂಡಾಗಿ ಕತ್ತರಿಯಲ್ಲಿ ಬಿಡಿಸುತ್ತಿದ್ದರು. ಗಾಲಿ ಬಂದ ಮೇಲೆ ಅವರ ಕೆಲಸದ ರೀತಿಯೇ ಬದಲಾಯಿತು. ಈಗ 18, 28, 45, 60 ಮಿಲಿಮೀಟರಿನ ಅಲಗುಗಳು ಸಿಗುತ್ತವೆ. ಕುಪ್ಪಸದ ಕಂಕುಳಿನಂಥ ತಿರುವಿಗೆ 28, ದಪ್ಪ ಪದರಕ್ಕೆ 60, ಮನೆಯ ದಿನನಿತ್ಯದ ಕೆಲಸಕ್ಕೆ 45.

ಗಾಲಿ ಎಲ್ಲರಿಗೂ ಬೇಕು ಎಂದಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಗೆ ಅಳತೆಯ ಚೌಕವೇ ಬೇಡ. ಸಿಕ್ಕ ತುಂಡನ್ನು ಸಿಕ್ಕ ಆಕಾರದಲ್ಲೇ ಇಟ್ಟು, ಮೂಲೆಯಿಂದ ಹಿಡಿದು ಸುತ್ತುತ್ತ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ 'ಫೂಲ' ಇಟ್ಟರೇ ಅದು ಪೂರ್ಣ. ಅಲ್ಲಿ ಕಣ್ಣೇ ಅಳತೆಗೋಲು. ಚೌಕಕ್ಕೆ ಚೌಕ ಕೂಡಬೇಕಾದ ನಮ್ಮ ಕೌದಿಗೆ ಗಾಲಿ ಒಪ್ಪುತ್ತದೆ. ಮೊನಚು ಒಳಮೂಲೆ, ಕುತ್ತಿಗೆಯ ಸಣ್ಣ ಕಚ್ಚು ಬಂದಾಗ ವೈನಿಯೂ ಗಾಲಿ ಬದಿಗಿಟ್ಟು ಮೀರತ್ ಕತ್ತರಿಗೇ ಕೈ ಹಾಕುತ್ತಾಳೆ. ಗಾಲಿ ಅಂಥ ಕಡೆ ಗೆರೆ ದಾಟಿ ಹೋಗುತ್ತದೆ.

ಕಿಟಕಿಯ ಬಳಿ ಕಾಲು ಮಷೀನು ಸದ್ದು ಮಾಡತೊಡಗಿತು. ವೈನಿ ಎರಡೆರಡು ಚೌಕವನ್ನು ದಾರ ಕಡಿಯದೆ ಒಂದರ ಹಿಂದೊಂದು ಸೂಜಿಯಡಿ ಬಿಡುತ್ತಿದ್ದಳು. ಹೊಲಿದ ಜೋಡಿಗಳು ಬಾಗಿಲ ತೋರಣದ ಹಾಗೆ ಹಿಂದೆ ಇಳಿದವು. ಅವಳ ಸುತ್ತ ಸಣ್ಣ ಸಾಮಾನುಗಳ ಒಂದು ಸಂಸಾರವೇ ಇತ್ತು. ಹಳೆಯ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತ, ಅದರ ಮೇಲೆ ಸ್ಟೀಲ್ ತಟ್ಟೆ. ಗುಂಡುಪಿನ್ನು ಎಸೆದರೆ ಅಲ್ಲೇ ಅಂಟುತ್ತದೆ, ಮಗು ಬರುವ ಮನೆಯಲ್ಲಿ ನೆಲಕ್ಕೆ ಪಿನ್ನು ಬೀಳಬಾರದು. ಗುರುತು ಹಾಕಲು ಸವೆದ ಮೈಸೋಪಿನ ಚೂರು. ಒಗೆದರೆ ಕಲೆ ಉಳಿಯದು. ದಾರ ಕಡಿಯಲು ಬೆರಳುದ್ದದ ಚಿಮಟಿಗೆ ಕತ್ತರಿ. ತಪ್ಪಿದ ಹೊಲಿಗೆ ಬಿಚ್ಚಲು ಕವಲು ಮೂತಿಯ ರಿಪ್ಪರ್. ಬ್ಲೇಡಿನಲ್ಲಿ ಬಿಚ್ಚುವಾಗ ಬಟ್ಟೆಯೇ ಸೀಳುತ್ತಿದ್ದ ಕಾಲ ಹೋಯಿತು.

ಮೂರನೆಯ ದಿನ ಗಾಲಿ ಮುನಿಸಿಕೊಂಡಿತು. ಕತ್ತರಿಸಿದ ಗೆರೆಯಲ್ಲಿ ಅಲ್ಲಲ್ಲಿ ಒಂದೊಂದು ಎಳೆ ಉಳಿಯತೊಡಗಿತು. ವೈನಿ ಟೇಪು ಹಿಡಿದು ಅಳೆದಳು: ಎಲ್ಲ ಕಡೆ ಸುಮಾರು 14 ಸೆಂಟಿಮೀಟರ್ ಅಂತರ. 45 ಮಿಲಿಮೀಟರಿನ ಬಿಲ್ಲೆಯ ಸುತ್ತಳತೆಯೂ ಅಷ್ಟೇ. ಎಂದರೆ ಅಲಗು ಒಂದು ಕಡೆ ಮುಕ್ಕಾಗಿದೆ, ಪ್ರತಿ ಸುತ್ತಿಗೂ ಅದೇ ಜಾಗ ಎಳೆಯನ್ನು ಬಿಟ್ಟು ಹೋಗುತ್ತಿದೆ. ಯಾರೋ ಗುಂಡುಪಿನ್ನಿನ ಮೇಲೆ ಉರುಳಿಸಿದ್ದರು. ಅವಳು ತಿರುಪು ಬಿಚ್ಚಿ, ಹತ್ತಿಯ ಧೂಳು ಒರೆಸಿ, ಒಂದು ಹನಿ ಮಷೀನ್ ಎಣ್ಣೆ ಬಿಟ್ಟು ಹೊಸ ಅಲಗು ಕೂರಿಸಿದಳು. ಹಳೆಯದನ್ನು ರಟ್ಟಿನಲ್ಲಿಟ್ಟು ಟೇಪು ಸುತ್ತಿ, 'ಅಲಗು' ಎಂದು ಬರೆದು ಡಬ್ಬಿಗೆ ಹಾಕಿದಳು. ಕಸ ಎತ್ತುವವರ ಕೈಯೂ ಕೈಯೇ ಅಲ್ಲವೇ?

ಅಂದು ಸಂಜೆ ಅವ್ವ ತಾನೇ ಮೇಜಿನ ಬಳಿ ಬಂದು ನಿಂತಳು. ಕೆಳಪದರದ ಧೋತರ ಇನ್ನೂ ಕತ್ತರಿಸಬೇಕಿತ್ತು. ವೈನಿ ಪಟ್ಟಿ ಒತ್ತಿ ಹಿಡಿದಳು. ಅವ್ವ ಹಿಡಿಕೆಯನ್ನು ಅಂಗೈಯಲ್ಲಿಟ್ಟು, ತೋರುಬೆರಳನ್ನು ಮೇಲೆ ಚಾಚಿ, ಮೆಲ್ಲಗೆ ಮುಂದಕ್ಕೆ ನೂಕಿದಳು. ಹೆಬ್ಬೆರಳು ಏನೂ ಮಾಡಬೇಕಿರಲಿಲ್ಲ. ಧೋತರದ ಉದ್ದಕ್ಕೂ ಗಾಲಿ ಉರುಳಿತು. ಕೊನೆ ಮುಟ್ಟಿದಾಗ ಅವ್ವ ಕೈಯನ್ನು ಬೆಳಕಿಗೆ ಹಿಡಿದು ಬೆರಳು ಮಡಚಿ ಬಿಡಿಸಿ ನೋಡಿಕೊಂಡಳು. "ನೋವಾಗಲಿಲ್ಲ" ಎಂದಷ್ಟೇ ಹೇಳಿದಳು. ಆಮೇಲೆ ಅಂಗುಸ್ತಾನ ಬೆರಳಿಗೇರಿಸಿ, ಸೂಜಿಗೆ ದಾರ ಪೋಣಿಸಿ, ನೆಲಕ್ಕೆ ಕೂತು ಅಂಚಿನ ಮೊದಲ ಸಾಲು ಹಿಡಿದಳು. ಆ ಓಟದ ಹೊಲಿಗೆಯನ್ನು ಯಾವ ಯಂತ್ರಕ್ಕೂ ಬಿಟ್ಟುಕೊಡಲು ಅವಳು ಒಪ್ಪಲಿಲ್ಲ. ಒಪ್ಪಬೇಕಾದ ಅಗತ್ಯವೂ ಇರಲಿಲ್ಲ. ಗಾಲಿ ಅವಳ ಬೆರಳ ನೋವನ್ನು ತೆಗೆದುಕೊಂಡು ಹೊಲಿಗೆಯನ್ನು ಅವಳಿಗೇ ಉಳಿಸಿತ್ತು.

ವೈನಿಯ ತೋರುಬೆರಳಿನ ತುದಿಯಲ್ಲಿ ಒಂದು ಬಿಳಿ ಗೆರೆ ಇದೆ. ಮೊದಲ ವಾರ, ಮುಚ್ಚದೆ ಮೇಜಿನಂಚಿನಲ್ಲಿಟ್ಟ ಗಾಲಿ ಬೀಳುವಾಗ ಹಿಡಿಯಲು ಹೋಗಿ ಆದ ಗಾಯ. ಅದರ ನಂತರ ಅವಳ ಕೈಯಲ್ಲಿ ಅಲಗು ತೆರೆದದ್ದನ್ನು ಕತ್ತರಿಸುವ ಹೊತ್ತಿನಲ್ಲಿ ಬಿಟ್ಟು ಬೇರೆ ಯಾವಾಗಲೂ ಯಾರೂ ಕಂಡಿಲ್ಲ.

ಟ್ರಂಕಿನಲ್ಲಿ ಹಳೆಯ ಸೀರೆ ಇಟ್ಟುಕೊಂಡವರಿಗೆ ನನ್ನದೊಂದು ಮಾತು. ಗಾಲಿ, ಮ್ಯಾಟು, ದಪ್ಪ ಪಟ್ಟಿ, ಈ ಮೂರನ್ನೂ ಒಟ್ಟಿಗೇ ಕೊಳ್ಳಿ. ಗಾಲಿಯೊಂದನ್ನೇ ಕೊಂಡರೆ ಮೇಜೂ ಹಾಳು, ಅಲಗೂ ಹಾಳು. ಮ್ಯಾಟನ್ನು ಬಿಸಿಲಿಗೆ ಹಾಕಬೇಡಿ, ಅದರ ಮೇಲೆ ಇಸ್ತ್ರಿ ಇಡಬೇಡಿ. ಸೊಟ್ಟಗಾದರೆ ಮತ್ತೆ ಸರಿಯಾಗದು. ಗಾಲಿಯನ್ನು ಯಾವಾಗಲೂ ಮೈಯಿಂದ ಆಚೆಗೆ ಉರುಳಿಸಿ. ನಾಳೆ ಆ ಕೌದಿಯಿಂದ ಕೆಳಗಿಳಿದು ಅಂಬೆಗಾಲಿಡುವ ಕೂಸೊಂದು ಆ ಮೇಜಿನ ಕಡೆಗೇ ಬರುತ್ತದೆ. ಅದಕ್ಕೇ ಹೇಳುತ್ತೇನೆ: ಒಂದು ಗೆರೆ ಕತ್ತರಿಸಿದರೂ ಸರಿ, ಕೈಯಿಂದ ಕೆಳಗಿಡುವ ಮೊದಲು ಅಲಗನ್ನು ಮುಚ್ಚಿ.