ಮೂತ್ರಪಿಂಡದ ಬೇನೆಯವರ ಹಬ್ಬದ ಎಲೆ

ನಮ್ಮ ವಾಚನಾಲಯಕ್ಕೆ ನಿತ್ಯ ಬರುವ ಹಿರಿಯರೊಬ್ಬರಿಗೆ ಮೂತ್ರಪಿಂಡಗಳ ಶಕ್ತಿ ಕುಂದಿದೆಯೆಂದು ತಿಳಿದಾಗ ಅವರು ಸಕ್ಕರೆ ಬಿಟ್ಟು ಬೆಲ್ಲ ಹಿಡಿದರು. "ಬೆಲ್ಲ ನಮ್ಮ ಊರಿನ ಪದಾರ್ಥ, ಅದರಿಂದೇನು ಕೇಡು?" ಎಂಬುದು ಅವರ ವಾದ. ಮುಂದಿನ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿತ್ತು. ವೈದ್ಯರು ಮೊದಲು ಕೇಳಿದ್ದೇ ಬೆಲ್ಲ, ಬಾಳೆಹಣ್ಣು, ಎಳನೀರುಗಳ ವಿಚಾರ.

ಕಬ್ಬಿನ ಹಾಲಿನಲ್ಲಿರುವ ಪೊಟ್ಯಾಸಿಯಂ ಬೆಲ್ಲದಲ್ಲಿ ಉಳಿದೇ ಇರುತ್ತದೆ. ಸಕ್ಕರೆ ಮಾಡುವಾಗ ಅದು ಕಾಕಂಬಿಯೊಡನೆ ಹೋಗಿಬಿಡುತ್ತದೆ. ಆರೋಗ್ಯವಂತನ ಮೂತ್ರಪಿಂಡ ಹೆಚ್ಚಾದುದನ್ನು ಹೊರಹಾಕುತ್ತದೆ. ಸೋತ ಮೂತ್ರಪಿಂಡಕ್ಕೆ ಅದು ಸಾಧ್ಯವಾಗದು. ಪರೀಕ್ಷೆಯ ಚೀಟಿಯಲ್ಲಿ ಈ ಅಂಕಿ ಸಾಮಾನ್ಯವಾಗಿ 3.5ರಿಂದ 5ರ ಒಳಗಿರಬೇಕು. ಬಹಳ ಏರಿದರೆ ಹೃದಯದ ಬಡಿತವೇ ತಪ್ಪೀತು. ಅಂಕಿ ಸರಿಯಾಗಿದ್ದವರಿಗೆ ಇಷ್ಟು ಬಿಗಿ ಪಥ್ಯ ಬೇಕಾಗಲಾರದು. ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳಬೇಕು.

ಇನ್ನು ಊರಿನ ಗಂಟಿನಲ್ಲಿ ಬರುವ ಧಾರವಾಡದ ಪೇಢೆ, ಬೆಳಗಾವಿಯ ಕುಂದ. ಸುಮಾರು ಐದು ಲೀಟರ್ ಹಾಲು ಬತ್ತಿದರೆ ಒಂದು ಕಿಲೋ ಖೋವಾ. ಹಾಲಿನ ರಂಜಕವೆಲ್ಲ, ಅಂದರೆ ಫಾಸ್ಫರಸ್, ಅದರಲ್ಲೇ ಉಳಿಯಿತು. ಅದು ರಕ್ತದಲ್ಲಿ ಸೇರಿಕೊಂಡರೆ ಮೈ ನವೆ, ಎಲುಬಿನ ಸವೆತ. ಒಂದು ಪೇಢೆ ತಿಂದು ಡಬ್ಬಿಯನ್ನು ಪಕ್ಕದ ಖೋಲಿಯವರಿಗೆ ಕೊಡುವುದು ಲೇಸು.

ಹೋಳಿಗೆಯ ಮಾತು ಸ್ವಲ್ಪ ಸ್ವಾರಸ್ಯದ್ದು. ಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಕೊಂಚ ಮಟ್ಟಿಗೆ ಇಳಿಯುತ್ತದೆ. ಆದರೆ ಇಳಿದದ್ದು ಹೋಗುವುದೆಲ್ಲಿಗೆ? ಕಟ್ಟಿಗೆ. ಆ ಕಟ್ಟಿನಿಂದಲೇ ನಮ್ಮ ಹೆಣ್ಣುಮಕ್ಕಳು ಸಾರು ಮಾಡುತ್ತಾರೆ! ಆದ್ದರಿಂದ ರೋಗಿಗೆ ಸಕ್ಕರೆ ಹೂರಣದ ಅರ್ಧ ಹೋಳಿಗೆ ಸಾಕು, ಹೋಳಿಗೆ ಸಾರು ಬೇಡ.

ರವೆ, ಸಕ್ಕರೆ, ತುಪ್ಪ, ಏಲಕ್ಕಿಯ ಕೇಸರಿಬಾತು ಇವೆಲ್ಲಕ್ಕಿಂತ ಹಗುರ. ದ್ರಾಕ್ಷಿ, ಗೋಡಂಬಿ ಬಿಡಬೇಕು. ಸತ್ಯನಾರಾಯಣ ಪೂಜೆಯ ಸಪಾದದಲ್ಲಿ ಬಾಳೆಹಣ್ಣು ಕಲೆಸಿರುತ್ತಾರೆಂಬುದು ನೆನಪಿರಲಿ. ಪ್ರಸಾದವೆಂದು ಚಿಟಿಕೆ ಸಾಕು. ನೀರಿಗೆ ಮಿತಿ ಹೇಳಿಸಿಕೊಂಡವರು ಪಾಯಸದ ಬಟ್ಟಲನ್ನೂ ನೀರಿನ ಲೆಕ್ಕಕ್ಕೇ ಹಿಡಿಯಬೇಕು.

ಸಕ್ಕರೆ ಕಾಯಿಲೆಯೂ ಇದ್ದವರಿಗೆ ಮೇಲಿನ ಮಾತು ಅಪ್ಪಣೆಯಲ್ಲ. ಅವರಿಗೆ ಸಕ್ಕರೆ, ಬೆಲ್ಲ ಎರಡೂ ಒಂದೇ. ಒಂದು ಸಂಗತಿ ಮಾತ್ರ ಮುಖ್ಯ. ಮೂತ್ರಪಿಂಡ ಸೋತಾಗ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ರಕ್ತದ ಸಕ್ಕರೆ ಒಮ್ಮೆಲೆ ಕುಸಿಯಬಹುದು: ಬೆವರು, ಕೈನಡುಕ, ಕಣ್ಣು ಕತ್ತಲೆ. ಆಗ ಬಾಳೆಹಣ್ಣು, ಕಿತ್ತಳೆ ರಸಕ್ಕೆ ಓಡದೆ, ಗ್ಲೂಕೋಸ್ ಪುಡಿಯನ್ನೋ ಮೂರು ನಾಲ್ಕು ಚಮಚೆ ಸಕ್ಕರೆಯನ್ನೋ ಸ್ವಲ್ಪ ನೀರಿನಲ್ಲಿ ಕದಡಿ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಣ್ಣುಗಳಲ್ಲಿ ಸೇಬಿನ ಹೋಳು, ಅನಾನಸಿನ ತುಂಡು ಮಿತವಾಗಿ ಆದೀತು. ಆದರೆ ಗಾಡಿಗಳಲ್ಲಿ ಉಪ್ಪು-ಖಾರ ಸವರಿ ಮಾರುವ, ಕೊಯ್ದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿ ಹಣ್ಣನ್ನು ಈ ಬೇನೆಯವರು ಒಂದು ಹೋಳೂ ಮುಟ್ಟಬಾರದು. ಅದರಲ್ಲಿರುವ ವಿಷವನ್ನು ಸೋತ ಮೂತ್ರಪಿಂಡ ಹೊರಹಾಕಲಾರದು. ಬಿಡದ ಬಿಕ್ಕಳಿಕೆಯಿಂದ ಆರಂಭವಾಗಿ ಬುದ್ಧಿಭ್ರಮೆ, ಸೆಳವು, ಪ್ರಾಣಾಪಾಯದವರೆಗೂ ಹೋದದ್ದುಂಟು. ತಿಂದ ಮೇಲೆ ಬಿಕ್ಕಳಿಕೆ ಹಿಡಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ, ತಿಂದದ್ದು ಯಾವ ಹಣ್ಣೆಂದು ಮೊದಲು ಹೇಳಬೇಕು.