ಒಂದೇ ಸೋಲು, ಸೀಸನ್ ಮುಗೀತು!

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಕ್ಕೆ ಸೀಸನ್‌ಗೆ ಸಾಮಾನ್ಯವಾಗಿ 12 ಪಂದ್ಯ. ಒಂದು ಸೋತರೂ ಮುಂದಿನ ವಾರ ಮತ್ತೊಂದು ಅದ. ನಮ್ಮ ಸೇಡಂ, ಚಿತ್ತಾಪುರ ಕಡೆ ಕಾಲೇಜು ಕಬಡ್ಡಿ ತಂಡಕ್ಕೆ? ಅಂತರ ಕಾಲೇಜು ಟೂರ್ನಿ ನಾಕೌಟ್ ಆದರೆ, ಮೊದಲ ಪಂದ್ಯ ಸೋತವರಿಗೆ ವರ್ಷವೇ ಮುಗೀತು.

ಆ ಒಂದೇ ಪಂದ್ಯದಾಗ ಏನಾಗ್ತದ ನೋಡ್ರಿ. ರೇಡ್‌ಗೆ ಸಿಗೋದು 30 ಸೆಕೆಂಡ್. ಸನ್ನತಿ ಕಡೆ ಎರೆಮಣ್ಣಿನಾಗ ಬರಿಗಾಲಲ್ಲಿ ಪಳಗಿದ ಹುಡುಗ ಮ್ಯಾಟ್ ಮೇಲೆ ಬೂಟು ಹಾಕ್ಕೊಂಡು ಗಕ್ಕನೆ ತಿರುಗ್ತಾನ. ಮಣ್ಣಿನಾಗ ಜಾರ್ತಿದ್ದ ಕಾಲು ಇಲ್ಲಿ ಕಚ್ಚಿಕೊಳ್ತದ. ಬೋನಸ್ ಗೆರೆ ದಾಟೋ ಹೊತ್ತಿಗೆ ಮೂಲೆಯವ ಹಿಮ್ಮಡಿ ಹಿಡಿದಾಯ್ತು!

ಅಂತರ ಕಾಲೇಜು ಟೂರ್ನಿಯಾಗ ಮಿಂಚಿದವರು ಗುಲ್ಬರ್ಗಾ ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ದಕ್ಷಿಣ ವಲಯಕ್ಕೆ, ಮುಂದೆ ಅಖಿಲ ಭಾರತ ಕೂಟಕ್ಕೆ. ಮಣ್ಣಿನಾಗ ಪಳಗಿದ ಹುಡುಗರಿಗೂ ಆ ದಾರಿ ಸಿಗಬೇಕಂದ್ರ ತಾಲೂಕಿಗೊಂದು ಮ್ಯಾಟ್ ಕೊಡ್ರಿ, ಲೀಗ್ ಪಂದ್ಯ ಆಡಿಸ್ರಿ.